ಅಪ್ರೆಂಟಿಸ್ ಆಗಿ ಎಂಜಿನಿಯರಿಂಗ್ ವೃತ್ತಿ ಆರಂಭಿಸುವುದು: ಕೊಡಗಿನ ವಿದ್ಯಾರ್ಥಿಗಳೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕುಶಾಲನಗರ, ಪೊನ್ನಂಪೇಟೆ, ಮಡಿಕೇರಿಯಲ್ಲಿ ಐಟಿಐ, ಡಿಪ್ಲೊಮಾ ಅಥವಾ ಬಿ.ಇ. ಮುಗಿಸಿದ ಮಕ್ಕಳೂ ಅವರ ತಂದೆತಾಯಿಯರೂ ಹಲವು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ನಾನೂ ಡಿಪ್ಲೊಮಾ ಮುಗಿಸಿ ಘಟ್ಟ ಇಳಿದು ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದವನು. ಆಮೇಲೆ ಅಪ್ರೆಂಟಿಸ್‌ಗಳಿಗೆ ಕಲಿಸುವ ಹೊಣೆಯನ್ನೂ ಹೊತ್ತವನು. ಉತ್ತರಗಳಲ್ಲಿ ಕಾನೂನಿನ ಸಂಗತಿಗಳ ಜೊತೆಗೆ ನನ್ನ ಅನುಭವವೂ ಸೇರಿದೆ.

ಅಪ್ರೆಂಟಿಸ್ ಎಂದರೆ ನೌಕರನೇ, ವಿದ್ಯಾರ್ಥಿಯೇ?

ಕಾನೂನಿನ ಕಣ್ಣಿನಲ್ಲಿ ಅವನು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. 1961ರ ಅಪ್ರೆಂಟಿಸ್ ಕಾಯ್ದೆ, ಅಂದರೆ ಸರ್ಕಾರಿ ಕಾಗದಗಳಲ್ಲಿ ಕಾಣುವ ಶಿಶಿಕ್ಷು ಕಾಯ್ದೆ, ಇದನ್ನು 18ನೇ ಕಲಮಿನಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಭವಿಷ್ಯನಿಧಿ, ಬೋನಸ್ ಮುಂತಾದವನ್ನು ಅಪ್ರೆಂಟಿಸ್ ನಿರೀಕ್ಷಿಸುವಂತಿಲ್ಲ. ಅದೇ ಕಾರಣಕ್ಕೆ ಅವನನ್ನು ಉತ್ಪಾದನೆಯ ಲೆಕ್ಕಕ್ಕೆ ಕಟ್ಟಿಹಾಕುವಂತೆಯೂ ಇಲ್ಲ. ಇಷ್ಟು ಪೀಸ್ ಮಾಡಿದರೆ ಇಷ್ಟು ಹಣ ಎಂದು ಕೊಡುವುದನ್ನು ಕಾಯ್ದೆಯೇ ನಿಷೇಧಿಸಿದೆ.

ಇಂಟರ್ನ್‌ಶಿಪ್ ಬೇರೆ, ಇದು ಬೇರೆ. ಇಂಟರ್ನ್‌ಶಿಪ್ ಸಾಮಾನ್ಯವಾಗಿ ಕೋರ್ಸಿನ ಒಂದು ಭಾಗವಾಗಿದ್ದು ಕೆಲವು ವಾರ ಅಥವಾ ತಿಂಗಳಲ್ಲಿ ಮುಗಿಯುತ್ತದೆ. ಅಪ್ರೆಂಟಿಸ್‌ಶಿಪ್‌ಗೆ ನೋಂದಾಯಿತ ಒಪ್ಪಂದ, ಕನಿಷ್ಠ ಸ್ಟೈಪೆಂಡ್ ಮತ್ತು ಕೊನೆಯಲ್ಲಿ ಸರ್ಕಾರ ಮಾನ್ಯ ಮಾಡಿದ ಪ್ರಮಾಣಪತ್ರ, ಈ ಮೂರೂ ಇರುತ್ತವೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ನಿಮಗೆ ಕೊಡುತ್ತಿರುವುದು ಅಪ್ರೆಂಟಿಸ್‌ಶಿಪ್ ಹೌದೋ ಅಲ್ಲವೋ ಎಂದು ವಿಚಾರಿಸಿಕೊಳ್ಳಿ.

ಯಾವ ಓದಿನವರು ಯಾವ ವಿಭಾಗಕ್ಕೆ ಸೇರುತ್ತಾರೆ?

ಐಟಿಐ ಮುಗಿಸಿದ ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ವೆಲ್ಡರ್ ಮೊದಲಾದವರು ಟ್ರೇಡ್ ಅಪ್ರೆಂಟಿಸ್‌ಗಳು. ಡಿಪ್ಲೊಮಾದವರು ಟೆಕ್ನಿಷಿಯನ್ ಅಪ್ರೆಂಟಿಸ್‌ಗಳು, ಬಿ.ಇ. ಅಥವಾ ಬಿ.ಟೆಕ್ ಪದವೀಧರರು ಗ್ರಾಜುಯೇಟ್ ಅಪ್ರೆಂಟಿಸ್‌ಗಳು. ಮೂಲ ಕಾಯ್ದೆಯಲ್ಲಿ ಕೊನೆಯ ಎರಡು ವರ್ಗಗಳು ಇರಲಿಲ್ಲ. 1973ರ ತಿದ್ದುಪಡಿಯಿಂದ ಅವು ಸೇರಿದವು. ಪದವಿ ಮತ್ತು ಡಿಪ್ಲೊಮಾದವರ ತರಬೇತಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ನ್ಯಾಟ್ಸ್, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ ನೋಡಿಕೊಳ್ಳುತ್ತದೆ. ಕರ್ನಾಟಕದವರಿಗೆ ಅದರ ಪ್ರಾದೇಶಿಕ ಮಂಡಳಿ ಚೆನ್ನೈನ ತರಮಣಿಯಲ್ಲಿದೆ. ಟ್ರೇಡ್ ಅಪ್ರೆಂಟಿಸ್‌ಗಳದ್ದು ಕೌಶಲ್ಯಾಭಿವೃದ್ಧಿ ಸಚಿವಾಲಯದ ವ್ಯಾಪ್ತಿ. ಅಲ್ಲಿ 2016ರಲ್ಲಿ ಶುರುವಾದ ನ್ಯಾಪ್ಸ್, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಿದೆ. ಎರಡಕ್ಕೂ ಜಾಲತಾಣ ಬೇರೆ ಬೇರೆ. ತಪ್ಪು ಕಡೆ ನೋಂದಾಯಿಸಿಕೊಂಡು ತಿಂಗಳುಗಟ್ಟಲೆ ಕಾದವರನ್ನು ನಾನು ಕಂಡಿದ್ದೇನೆ.

ಬಿ.ಇ. ಮಾಡಿದವರು ಅಪ್ರೆಂಟಿಸ್ ಆದರೆ ಹಿಂದಕ್ಕೆ ಹೋದಂತಲ್ಲವೇ?

ತಂದೆತಾಯಿಯರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನಾಲ್ಕು ವರ್ಷ ಶುಲ್ಕ ಕಟ್ಟಿ ಓದಿಸಿದವರಿಗೆ ಈ ಸಂಕಟ ಸಹಜ. ನನ್ನ ಉತ್ತರವನ್ನು ಒಂದು ಶಾಫ್ಟಿನ ಕಥೆಯಿಂದ ಹೇಳುತ್ತೇನೆ.

ನಾನು ಅಪ್ರೆಂಟಿಸ್ ಆಗಿದ್ದಾಗ 100 ಮಿ.ಮೀ. ವ್ಯಾಸದ ಒಂದು ಉಕ್ಕಿನ ಶಾಫ್ಟನ್ನು ಲೇತಿನಲ್ಲಿ ಕಡೆದು ಮುಗಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಡೆಯುವಾಗ ಶಾಫ್ಟು ಕೈಗೆ ಬಿಸಿ ತಟ್ಟುವಷ್ಟು ಕಾದಿತ್ತು. ಆಗಲೇ ಮೈಕ್ರೋಮೀಟರ್ ಹಿಡಿದು ಅಳೆದೆ. ನಕ್ಷೆಯಲ್ಲಿದ್ದ ಅಳತೆಗೆ ಸರಿಯಾಗಿತ್ತು. ಮರುದಿನ ಬೆಳಗ್ಗೆ ಅದೇ ಮೈಕ್ರೋಮೀಟರಿನಲ್ಲಿ ಅಳೆದಾಗ ಮೂರು ಸೆಂಟಿಗಿಂತ ಸ್ವಲ್ಪ ಹೆಚ್ಚು, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗಕ್ಕೂ ಮಿಕ್ಕಿ, ಕಡಿಮೆ ಬಂತು. ಬಿಗಿಯಾಗಿ ಕೂರಬೇಕಾಗಿದ್ದ ಬೇರಿಂಗ್ ಸಡಿಲವಾಗಿ ಜಾರಿತು. ಉಕ್ಕು ಒಂದು ಡಿಗ್ರಿಗೆ ಒಂದು ಮೀಟರಿನಲ್ಲಿ ಸುಮಾರು 0.0115 ಮಿ.ಮೀ. ಹಿಗ್ಗುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಮೂವತ್ತು ಡಿಗ್ರಿ ಹೆಚ್ಚು ಕಾದ 100 ಮಿ.ಮೀ. ಶಾಫ್ಟಿಗೆ ಆ ಲೆಕ್ಕ ಹಾಕಿದರೆ 0.035 ಮಿ.ಮೀ. ಸಿಗುತ್ತದೆ. ಲೆಕ್ಕ ತಲೆಯಲ್ಲಿತ್ತು, ಕೈಗೆ ಬಂದಿರಲಿಲ್ಲ. ನನ್ನ ಮೇಲ್ವಿಚಾರಕರು ಬೈಯಲಿಲ್ಲ. ಆ ಶಾಫ್ಟನ್ನು ನನ್ನ ಬೆಂಚಿನ ಮೇಲೆ ಒಂದು ವಾರ ಹಾಗೆಯೇ ಇಡಿಸಿದರು.

ಪುಸ್ತಕದ ಸಂಗತಿ ಕೈಗೆ ಇಳಿಯಲು ಒಂದು ವರ್ಷ ಬೇಕು. ಆ ವರ್ಷವನ್ನು ಅಪ್ರೆಂಟಿಸ್ ಆಗಿ ಕಳೆದರೆ ತಪ್ಪು ಮಾಡಲು ಅವಕಾಶವಿರುತ್ತದೆ, ತಿದ್ದುವವರೂ ಹತ್ತಿರ ಇರುತ್ತಾರೆ. ನೇರವಾಗಿ ಕೆಲಸಕ್ಕೆ ಸೇರಿದವರಿಗೆ ಅದೇ ತಪ್ಪು ದುಬಾರಿಯಾಗಬಹುದು. ಹಾಗೆಂದು ಒಳ್ಳೆಯ ಕೆಲಸದ ಆದೇಶ ಕೈಯಲ್ಲಿರುವವರು ಅದನ್ನು ಬಿಟ್ಟು ಅಪ್ರೆಂಟಿಸ್ ಆಗಬೇಕೆಂದು ನಾನು ಹೇಳುವುದಿಲ್ಲ. ಕ್ಯಾಂಪಸ್ ಸಂದರ್ಶನದಲ್ಲಿ ತಾನು ಓದಿದ ವಿಷಯಕ್ಕೆ ಸಂಬಂಧವೇ ಇಲ್ಲದ ಕೆಲಸ ಸಿಕ್ಕ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿದ್ಯಾರ್ಥಿಗಳಿಗೆ ತಮ್ಮ ವಿಷಯಕ್ಕೆ ಮರಳಲು ಇರುವ ಒಳ್ಳೆಯ ಬಾಗಿಲು ಇದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಡಗಿನಲ್ಲಿಯೇ ಇದ್ದು ಅಪ್ರೆಂಟಿಸ್ ಆಗಲು ಸಾಧ್ಯವೇ?

ಸಾಧ್ಯ, ಆದರೆ ಅವಕಾಶ ಕಡಿಮೆ. ನಮ್ಮ ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ, ದೊಡ್ಡ ಯಂತ್ರೋಪಕರಣ ಕಾರ್ಖಾನೆಗಳೂ ಇಲ್ಲ. 2019ರ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಗುತ್ತಿಗೆಯವರೂ ಈ ಲೆಕ್ಕಕ್ಕೆ ಸೇರುತ್ತಾರೆ. 4ರಿಂದ 29 ಜನರಿರುವ ಸಂಸ್ಥೆ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಕೊಡಗಿನವರು ಈ ಎರಡನೆಯ ಮಾತನ್ನು ನೆನಪಿಡಬೇಕು, ಏಕೆಂದರೆ ಇಲ್ಲಿನ ವರ್ಕ್‌ಶಾಪುಗಳು, ವಾಹನ ಸರ್ವಿಸ್ ಕೇಂದ್ರಗಳು, ಸಣ್ಣ ಘಟಕಗಳು ಹೆಚ್ಚಾಗಿ ಆ ಗಾತ್ರದವು. ಎಷ್ಟೋ ಮಾಲೀಕರಿಗೆ ತಾವು ಅಪ್ರೆಂಟಿಸ್ ತೆಗೆದುಕೊಳ್ಳಬಹುದೆಂಬುದೇ ತಿಳಿದಿರುವುದಿಲ್ಲ. ವಿದ್ಯಾರ್ಥಿಯೇ ಹೋಗಿ ತಿಳಿಸಿದರೆ ಒಪ್ಪುವವರಿದ್ದಾರೆ.

ಹೆಚ್ಚಿನವರು ಗಮನಿಸದ ಎರಡು ಜಾಗಗಳಿವೆ. ಒಂದು, ಕಾಫಿ ಕ್ಯೂರಿಂಗ್ ವರ್ಕ್ಸ್. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಡೆ ಹೋದರೆ ಕಾಫಿಯ ಸಿಪ್ಪೆ ತೆಗೆಯುವ ಹಲ್ಲರ್, ಕಾಳನ್ನು ಮೇಲಕ್ಕೆತ್ತುವ ಬಕೆಟ್ ಎಲಿವೇಟರ್, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಗ್ರೇಡರ್, ಬಣ್ಣ ನೋಡಿ ಕಪ್ಪು ಕಾಳನ್ನು ಹೊರಹಾಕುವ ಕಲರ್ ಸಾರ್ಟರ್, ಇವೆಲ್ಲ ಒಂದೇ ಸೂರಿನಡಿ ನೋಡಲು ಸಿಗುತ್ತವೆ. ಬೇರಿಂಗ್, ಬೆಲ್ಟ್, ಮೋಟರ್, ಸ್ಟಾರ್ಟರ್ ಪ್ಯಾನೆಲ್, ಕಂಪ್ರೆಸರ್, ಸೆನ್ಸರ್, ಹೀಗೆ ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ವಿದ್ಯಾರ್ಥಿ ಕಲಿಯಬೇಕಾದ ಬಹಳಷ್ಟು ಅಲ್ಲೇ ಇದೆ. ಕೊಯ್ಲಿನ ನಂತರದ ತಿಂಗಳುಗಳಲ್ಲಿ ಯಂತ್ರ ನಿಂತರೆ ಕಾಫಿ ರಾಶಿ ಬೀಳುತ್ತದೆ, ಹಾಗಾಗಿ ದುರಸ್ತಿಯ ಒತ್ತಡವನ್ನೂ ಅಲ್ಲಿ ಕಾಣಬಹುದು. ಎರಡನೆಯದು, ದೊಡ್ಡ ಹೋಟೆಲ್ ಮತ್ತು ರೆಸಾರ್ಟ್‌ಗಳು. ಜನರೇಟರ್, ಬಾಯ್ಲರ್, ಕೊಳಚೆ ನೀರು ಶುದ್ಧೀಕರಣ ಘಟಕ, ಶೀತಲೀಕರಣ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರಿಂಗ್ ವಿಭಾಗ ಅಲ್ಲಿರುತ್ತದೆ.

ತೋಟದ ಮನೆಯಿಂದ ಬಂದ ಮಕ್ಕಳಿಗೆ ಇನ್ನೊಂದು ಮಾತು ಹೇಳಬೇಕು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಡಿಸ್ಕಿಗೂ ಎದುರಿನ ಪಟ್ಟಿಗೂ ನಡುವಿನ ಸಂದು ಹೆಚ್ಚಾದರೆ ಹಣ್ಣು ಸಿಪ್ಪೆ ಬಿಡದೆ ಹಾಗೆಯೇ ದಾಟುತ್ತದೆ, ಕಡಿಮೆಯಾದರೆ ಬೀಜ ಕತ್ತರಿಸಿ ಹಾಳಾಗುತ್ತದೆ. ಆ ಸಂದನ್ನು ಪ್ರತಿ ವರ್ಷ ಸರಿಮಾಡುವ ಹುಡುಗನಿಗೆ ಕ್ಲಿಯರೆನ್ಸ್ ಎಂದರೇನೆಂದು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಸಂದರ್ಶನದಲ್ಲಿ ಇದನ್ನು ಹೇಳಲು ಸಂಕೋಚಪಡಬೇಡಿ. ಕಾಲೇಜಿನ ಪ್ರಾಜೆಕ್ಟ್ ವರದಿಗಿಂತ ಇಂಥ ಮಾತಿಗೆ ನಾನು ಯಾವಾಗಲೂ ಹೆಚ್ಚು ಕಿವಿಗೊಟ್ಟಿದ್ದೇನೆ.

ಜಿಲ್ಲೆಯ ಹೊರಗೆ ಎಲ್ಲೆಲ್ಲಿ ನೋಡಬೇಕು?

ಹತ್ತಿರದ ಊರು ಮೈಸೂರು. ಅಲ್ಲಿ ಬೆಮೆಲ್ ಇದೆ, ನೈರುತ್ಯ ರೈಲ್ವೆಯ ವರ್ಕ್‌ಶಾಪ್ ಇದೆ, ಹೆಬ್ಬಾಳ ಮತ್ತು ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳ ಖಾಸಗಿ ಕಾರ್ಖಾನೆಗಳಿವೆ. ಕೊಡಗಿಗೆ ವಿದ್ಯುತ್ ಪೂರೈಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕೇಂದ್ರ ಕಚೇರಿಯೂ ಅಲ್ಲೇ ಇರುವುದರಿಂದ ಎಲೆಕ್ಟ್ರಿಕಲ್‌ನವರು ಅದರ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು. ಸಂಪಾಜೆ ಘಟ್ಟ ಇಳಿದರೆ ಮಂಗಳೂರು. ಅಲ್ಲಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್ ಪದವಿ ಮತ್ತು ಡಿಪ್ಲೊಮಾದವರನ್ನು ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಬಿಇಎಲ್, ಬಿಎಚ್‌ಇಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ ಇವೆ.

ರೈಲ್ವೆಯ ಟ್ರೇಡ್ ಅಪ್ರೆಂಟಿಸ್ ಆಯ್ಕೆಗೆ ಲಿಖಿತ ಪರೀಕ್ಷೆ ಇರುವುದಿಲ್ಲ, ಹತ್ತನೇ ತರಗತಿ ಮತ್ತು ಐಟಿಐ ಅಂಕಗಳ ಸರಾಸರಿಯ ಮೇಲೆ ಪಟ್ಟಿ ತಯಾರಾಗುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಕಡಿಮೆ ಅಂಕ ಬಂದರೂ ಐಟಿಐ ಸೀಟು ಸಿಕ್ಕಿತಲ್ಲ ಎಂದು ಸಮಾಧಾನಪಟ್ಟವರು ಇಲ್ಲಿ ಬಂದು ಪೇಚಾಡುತ್ತಾರೆ.

ಸ್ಟೈಪೆಂಡ್ ಎಷ್ಟು? ಅದರಲ್ಲಿ ಹೊರಗೆ ಬದುಕಲು ಆಗುತ್ತದೆಯೇ?

2019ರ ತಿದ್ದುಪಡಿ ನಿಗದಿಪಡಿಸಿದ ಕನಿಷ್ಠ ಮೊತ್ತ ತಿಂಗಳಿಗೆ ಪದವೀಧರರಿಗೆ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000, ಐಟಿಐ ಪ್ರಮಾಣಪತ್ರವಿದ್ದವರಿಗೆ 7,000. ಕನಿಷ್ಠ ಮೊತ್ತವನ್ನು ಸರ್ಕಾರ ಕಾಲಕಾಲಕ್ಕೆ ಪರಿಷ್ಕರಿಸುತ್ತದೆ, ಸಂಸ್ಥೆಗಳು ಇದಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲ, ಕೊಡುವವರೂ ಇದ್ದಾರೆ. ಹಾಗಾಗಿ ನಿಮ್ಮ ಒಪ್ಪಂದ ಪತ್ರದಲ್ಲಿ ಬರೆದಿರುವುದೇ ನಿಮಗೆ ಮುಖ್ಯ. ನ್ಯಾಟ್ಸ್ ಅಡಿಯಲ್ಲಿ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಆಧಾರ್ ಜೋಡಣೆಯಾಗದ ಬ್ಯಾಂಕ್ ಖಾತೆ ಕೊಟ್ಟರೆ ಆ ಪಾಲು ಬರುವುದು ತಡವಾಗುತ್ತದೆ. ಒಂದು ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಕೈಸೇರಬೇಕೆಂಬ ನಿಯಮವಿದೆ.

ಸಾಕಾಗುತ್ತದೆಯೇ ಎಂದರೆ, ಮೈಸೂರಿನಲ್ಲಿ ಮೂರ್ನಾಲ್ಕು ಜನ ಸೇರಿ ರೂಮು ಮಾಡಿ ಅಡುಗೆ ಮಾಡಿಕೊಂಡರೆ ಕಷ್ಟಪಟ್ಟು ಸಾಕಾಗುತ್ತದೆ, ಬೆಂಗಳೂರಿನಲ್ಲಿ ಸಾಕಾಗುವುದಿಲ್ಲ. ಮನೆಯಿಂದ ಸ್ವಲ್ಪ ಹಣ ಕಳುಹಿಸಬೇಕಾಗುತ್ತದೆ ಎಂದು ತಂದೆತಾಯಿಯರಿಗೆ ಮೊದಲೇ ತಿಳಿದಿರಲಿ. ಸಂಸ್ಥೆಯ ಕ್ಯಾಂಟೀನಿನಲ್ಲಿ ಊಟ, ಬಸ್ ಸೌಲಭ್ಯ ಇವೆಯೇ ಎಂದು ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ. ಐನೂರು ರೂಪಾಯಿ ಹೆಚ್ಚು ಸ್ಟೈಪೆಂಡ್ ಕೊಡುವ ಕಡೆಗಿಂತ ಮಧ್ಯಾಹ್ನದ ಊಟ ಕೊಡುವ ಕಡೆ ತಿಂಗಳ ಕೊನೆಗೆ ಹೆಚ್ಚು ಉಳಿಯುತ್ತದೆ.

ಯುವನಿಧಿ ಹಣವೂ ಬರುತ್ತದೆಯೇ?

ಇಲ್ಲ. ಅಪ್ರೆಂಟಿಸ್ ವೇತನ ಪಡೆಯುತ್ತಿರುವವರು ಯುವನಿಧಿಗೆ ಅರ್ಹರಲ್ಲ. ಎರಡನ್ನೂ ಪಡೆಯಲು ತಪ್ಪು ಘೋಷಣೆ ಮಾಡಬೇಡಿ.

ನೋಂದಣಿಯಲ್ಲಿ ಹೆಸರಿನ ತೊಂದರೆ ಏಕೆ ಬರುತ್ತದೆ?

ನೋಂದಣಿಗೆ ಆಧಾರ್, ಅಂಕಪಟ್ಟಿಗಳು, ಪದವಿ ಅಥವಾ ತಾತ್ಕಾಲಿಕ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಭಾವಚಿತ್ರ ಬೇಕು. ಇವುಗಳನ್ನು ಹೊಂದಿಸುವುದು ಕಷ್ಟವಲ್ಲ. ಕೊಡಗಿನ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ನಮ್ಮಲ್ಲಿ ಮನೆತನದ ಹೆಸರು ಮೊದಲು ಬಂದು ಸ್ವಂತ ಹೆಸರು ಆಮೇಲೆ ಬರುವುದು ರೂಢಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರೂ ತಂದೆಯ ಹೆಸರೂ ಇನಿಷಿಯಲ್ ಆಗಿ ಕುಗ್ಗಿರುತ್ತವೆ, ಆಧಾರಿನಲ್ಲಿ ಮನೆತನದ ಹೆಸರು ಪೂರ್ತಿಯಾಗಿರುತ್ತದೆ, ಬ್ಯಾಂಕಿನ ಪುಸ್ತಕದಲ್ಲಿ ಅದು ಕೊನೆಗೆ ಹೋಗಿರುತ್ತದೆ. ಮೂರೂ ಒಬ್ಬರದೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಕೊನೆಯ ಸೆಮಿಸ್ಟರಿನಲ್ಲಿರುವಾಗಲೇ ಆಧಾರ್ ಮತ್ತು ಬ್ಯಾಂಕಿನ ಹೆಸರನ್ನು ಅಂಕಪಟ್ಟಿಗೆ ಹೊಂದಿಸಿಕೊಳ್ಳಿ. ಅಂಕಪಟ್ಟಿಯನ್ನು ತಿದ್ದಿಸುವುದಕ್ಕಿಂತ ಇದು ಸುಲಭ.

ನೋಂದಣಿಗೆ ಶುಲ್ಕವಿಲ್ಲ. ಸೀಟು ಕೊಡಿಸುತ್ತೇನೆಂದು ಹಣ ಕೇಳುವವರು ಯಾರೇ ಆಗಿರಲಿ, ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಒಂದು ವರ್ಷ ಮುಗಿದ ಮೇಲೆ ಅಲ್ಲೇ ಕೆಲಸ ಖಾಯಂ ಆಗುತ್ತದೆಯೇ?

ಆಗಲೇಬೇಕೆಂಬ ನಿಯಮವಿಲ್ಲ. ಕಾಯ್ದೆಯ 22ನೇ ಕಲಂ ಹೇಳುವುದಿಷ್ಟೇ: ತರಬೇತಿ ಮುಗಿಸಿದವರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿಯೊಂದು ಸಂಸ್ಥೆಯೂ ತನ್ನದೇ ನೀತಿ ರೂಪಿಸಿಕೊಳ್ಳಬೇಕು. ಆದ್ದರಿಂದ ಸೇರುವ ಮೊದಲೇ ಆ ನೀತಿ ಏನೆಂದು ಕೇಳಿ, ಹಿಂದಿನ ಎರಡು ವರ್ಷಗಳಲ್ಲಿ ಎಷ್ಟು ಮಂದಿಯನ್ನು ಉಳಿಸಿಕೊಂಡಿದ್ದಾರೆಂದು ವಿಚಾರಿಸಿ. ರೈಲ್ವೆಯಲ್ಲಿ ತರಬೇತಿ ಪೂರೈಸಿದವರಿಗೆ ಲೆವೆಲ್-1 ಹುದ್ದೆಗಳಲ್ಲಿ ಶೇ 20 ಮೀಸಲಿದೆ. ಆದರೆ ಅದಕ್ಕೂ ನೇಮಕಾತಿ ಪರೀಕ್ಷೆ ಬರೆಯಬೇಕು.

ಕೆಲಸ ಕಲಿಸದೆ ಬೇರೆ ಚಾಕರಿ ಮಾಡಿಸಿದರೆ ಏನು ಮಾಡಬೇಕು?

ನನಗೂ ಹಾಗೆ ಆಗಿತ್ತು. ನಾನು ಸೇರಿದ ಮೊದಲ ಮೂರು ತಿಂಗಳು ನನ್ನನ್ನು ಸ್ಟೋರಿನಲ್ಲಿ ಕೂರಿಸಿ ಬೋಲ್ಟು, ನಟ್ಟು ಎಣಿಸುವ ರಿಜಿಸ್ಟರ್ ಬರೆಸಿದರು. ಜೊತೆಯವರು ಮಿಲ್ಲಿಂಗ್ ಯಂತ್ರದ ಮುಂದೆ ನಿಂತಿರುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಕೇಳಿದರೆ ಸರ್ಟಿಫಿಕೇಟ್ ಕೊಡುವುದಿಲ್ಲವೇನೋ ಎಂಬ ಭಯದಿಂದ ಸುಮ್ಮನಿದ್ದೆ. ಆ ಮೂರು ತಿಂಗಳು ನನಗೆ ಮರಳಿ ಸಿಗಲಿಲ್ಲ, ಅದರ ನೋವು ಇಂದಿಗೂ ಇದೆ. ಅದಕ್ಕಾಗಿಯೇ ಈ ಪ್ರಶ್ನೆಗೆ ವಿವರವಾಗಿ ಉತ್ತರಿಸುತ್ತಿದ್ದೇನೆ.

ಮೊದಲು, ಸೇರುವ ದಿನವೇ ತರಬೇತಿಯ ಕಾರ್ಯಕ್ರಮ ಪಟ್ಟಿಯನ್ನು ಕೇಳಿ ಪಡೆಯಿರಿ. ಯಾವ ತಿಂಗಳು ಯಾವ ವಿಭಾಗ ಎಂಬುದು ಅದರಲ್ಲಿರಬೇಕು. ಆಮೇಲೆ ದಿನವೂ ಡೈರಿ ಬರೆಯಿರಿ. ‘ಇಂದು ಮೆಂಟೆನೆನ್ಸ್ ವಿಭಾಗದಲ್ಲಿದ್ದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಪಂಪಿನ ಗ್ಲ್ಯಾಂಡ್ ಸೋರುತ್ತಿತ್ತು, ಪ್ಯಾಕಿಂಗ್ ಬದಲಿಸಿದೆವು, ನಟ್ಟುಗಳನ್ನು ಎರಡೂ ಕಡೆ ಸಮವಾಗಿ ಬಿಗಿಸದಿದ್ದರೆ ಮತ್ತೆ ಸೋರುತ್ತದೆ ಎಂದು ತಿಳಿಯಿತು’ ಎಂದು ಬರೆಯಿರಿ, ಪಕ್ಕದಲ್ಲಿ ಚಿತ್ರ ಬಿಡಿಸಿ, ವಾರಕ್ಕೊಮ್ಮೆ ಮೇಲ್ವಿಚಾರಕರ ಸಹಿ ಪಡೆಯಿರಿ. ಎರಡು ವಾರ ಕಲಿಯುವಂಥದ್ದೇನೂ ಬರೆಯಲು ಸಿಗದಿದ್ದರೆ ಆ ಡೈರಿಯನ್ನೇ ತೆಗೆದುಕೊಂಡು ಹೋಗಿ ತರಬೇತಿ ಅಧಿಕಾರಿಯ ಮುಂದಿಟ್ಟು ವಿನಯದಿಂದ ಕೇಳಿ. ನಾನು ತರಬೇತಿಯ ಹೊಣೆಯಲ್ಲಿದ್ದಾಗ ಡೈರಿ ಹಿಡಿದು ಬಂದವರನ್ನು ಒಮ್ಮೆಯೂ ಹಿಂದಕ್ಕೆ ಕಳುಹಿಸಿಲ್ಲ. ಅಲ್ಲಿಯೂ ಪರಿಹಾರ ಸಿಗದಿದ್ದರೆ ಕಾಯ್ದೆಯ 20ನೇ ಕಲಮಿನಂತೆ ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿಗೆ ಲಿಖಿತವಾಗಿ ದೂರು ಕೊಡಬಹುದು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿಗೂ ಅವಕಾಶವಿದೆ.

ಹೆಣ್ಣುಮಕ್ಕಳನ್ನು ಕಳುಹಿಸಬಹುದೇ?

ಖಂಡಿತ ಕಳುಹಿಸಿ. ವಸತಿ, ಪಾಳಿಯ ಸಮಯ ಮತ್ತು ಕಾರ್ಖಾನೆಯಿಂದ ವಸತಿಗೆ ಬಸ್ ಇದೆಯೇ ಎಂಬುದನ್ನು ತಂದೆತಾಯಿಯರು ಒಮ್ಮೆ ಸ್ವತಃ ಹೋಗಿ ನೋಡಿ ಬರುವುದು ಒಳ್ಳೆಯದು. ಶಕ್ತಿ ಯೋಜನೆಯಿಂದಾಗಿ ಮೈಸೂರಿನಿಂದ ಕುಶಾಲನಗರ, ಮಡಿಕೇರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಖರ್ಚಿಲ್ಲ, ವಾರಾಂತ್ಯಕ್ಕೆ ಮನೆಗೆ ಬಂದು ಹೋಗಬಹುದು. ಅಳತೆ ತಪಾಸಣೆ ವಿಭಾಗ ಹೆಣ್ಣುಮಕ್ಕಳಿಗೆ, ಯಂತ್ರದ ಕೆಲಸ ಗಂಡುಮಕ್ಕಳಿಗೆ ಎಂದು ಹಂಚುವ ಅಭ್ಯಾಸ ಕೆಲವೆಡೆ ಉಳಿದಿದೆ. ಅದನ್ನು ಒಪ್ಪಿಕೊಳ್ಳಬೇಡಿ, ಕಾರ್ಯಕ್ರಮ ಪಟ್ಟಿಯಲ್ಲಿರುವ ಎಲ್ಲ ವಿಭಾಗಗಳನ್ನೂ ಕೇಳಿ ಪಡೆಯಿರಿ.

ಕೆಲಸದಲ್ಲಿ ಗಾಯವಾದರೆ?

ತರಬೇತಿಯ ವೇಳೆಯಲ್ಲಿ ಅದರಿಂದಾಗಿಯೇ ಗಾಯವಾದರೆ ಪರಿಹಾರ ಕೊಡುವುದು ಮಾಲೀಕರ ಹೊಣೆ, ಅದು 16ನೇ ಕಲಮಿನಲ್ಲಿದೆ. ಅಪಾಯಕಾರಿ ಉದ್ದಿಮೆಗಳಲ್ಲಿ 18 ವರ್ಷ ತುಂಬದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವಂತಿಲ್ಲ. ಎಷ್ಟೇ ಸಣ್ಣ ಗಾಯವಾದರೂ ಪ್ರಥಮ ಚಿಕಿತ್ಸೆಯ ರಿಜಿಸ್ಟರಿನಲ್ಲಿ ಬರೆಸಿ.

ಹುತ್ತರಿಗೆ, ಕೈಲ್ ಮುಹೂರ್ತಕ್ಕೆ, ಕಾಫಿ ಕೊಯ್ಲಿಗೆ ರಜೆ ಸಿಗುತ್ತದೆಯೇ?

ರಜೆ ಸಂಸ್ಥೆಯ ನಿಯಮದಂತೆ ಸಿಗುತ್ತದೆ. ಹಬ್ಬಕ್ಕೆ ಒಂದೆರಡು ದಿನ ಮೊದಲೇ ಕೇಳಿಕೊಂಡರೆ ಕೊಡುತ್ತಾರೆ. ಕೊಯ್ಲಿಗೆಂದು ವಾರಗಟ್ಟಲೆ ಮಗನನ್ನು ಕರೆಸಿಕೊಳ್ಳಬೇಡಿ. ಹಾಜರಾತಿ ಕಡಿಮೆಯಾದರೆ ಪ್ರಮಾಣಪತ್ರಕ್ಕೇ ಕುತ್ತು ಬರಬಹುದು.

ಮಧ್ಯದಲ್ಲಿ ಒಳ್ಳೆಯ ಕೆಲಸ ಸಿಕ್ಕರೆ ಬಿಡಬಹುದೇ? ಮುಂದೆ ಓದಬಹುದೇ?

ಹೇಳದೆ ಕೇಳದೆ ಬಿಟ್ಟುಹೋಗುವುದು ತಪ್ಪು, ಅದರಿಂದ ತೊಂದರೆಯೂ ಉಂಟು. ಒಪ್ಪಂದವನ್ನು ಕೊನೆಗೊಳಿಸಲು ಎರಡು ಕಡೆಯವರಲ್ಲಿ ಯಾರೇ ಆದರೂ ಸಲಹಾಧಿಕಾರಿಗೆ ಅರ್ಜಿ ಕೊಡಬೇಕು. ತಪ್ಪು ಅಪ್ರೆಂಟಿಸ್‌ನದಾದರೆ ತರಬೇತಿಯ ವೆಚ್ಚವನ್ನು ಅವನು, ತಪ್ಪು ಸಂಸ್ಥೆಯದಾದರೆ ಪರಿಹಾರವನ್ನು ಸಂಸ್ಥೆ ಕೊಡಬೇಕಾಗುತ್ತದೆ.

ಮುಂದಿನ ಓದಿಗೆ ದಾರಿ ತೆರೆದೇ ಇದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಅಪ್ರೆಂಟಿಸ್ ವರ್ಷದ ನಂತರ ಬಿ.ಇ.ಗೆ ಸೇರಿದವರಿಗೆ ತರಗತಿಯಲ್ಲಿ ಪಾಠ ಬೇರೆಯೇ ರೀತಿಯಲ್ಲಿ ಕೇಳಿಸುತ್ತದೆ. ಯಾವ ಸೂತ್ರ ಯಾವ ಯಂತ್ರದಲ್ಲಿ ಎಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ.

ಮೊದಲ ದಿನಕ್ಕೆ ಏನು ಸಿದ್ಧತೆ ಮಾಡಿಕೊಳ್ಳಬೇಕು?

ಮೂಲ ಪ್ರಮಾಣಪತ್ರಗಳನ್ನು ತೋರಿಸಿ ಹಿಂದಕ್ಕೆ ಪಡೆಯಿರಿ, ನಕಲುಗಳನ್ನು ಮಾತ್ರ ಕೊಡಿ. ಒಪ್ಪಂದ ಪತ್ರಕ್ಕೆ ಸಹಿ ಹಾಕುವ ಮೊದಲು ಅವಧಿ, ಸ್ಟೈಪೆಂಡ್, ತರಬೇತಿಯ ವಿಷಯ, ಕೆಲಸದ ವೇಳೆ ಈ ನಾಲ್ಕನ್ನೂ ಓದಿ, ಒಂದು ಪ್ರತಿ ನಿಮ್ಮ ಬಳಿ ಇರಲಿ. 18 ತುಂಬದವರ ಪರವಾಗಿ ಪೋಷಕರು ಸಹಿ ಹಾಕಬೇಕಾಗುತ್ತದೆ, ಅಂಥವರ ಜೊತೆಗೆ ಹಿರಿಯರೊಬ್ಬರು ಹೋಗಬೇಕು. ಸಡಿಲವಾದ ಅಂಗಿ, ಕೈಗೆ ಕಟ್ಟಿದ ದಾರ, ಕುತ್ತಿಗೆಯ ಸರ, ಉಂಗುರ ಇವು ತಿರುಗುವ ಯಂತ್ರದ ಹತ್ತಿರ ಅಪಾಯ, ಮನೆಯಲ್ಲೇ ಬಿಟ್ಟು ಹೊರಡಿ. ಲೇತಿನ ಮುಂದೆ ಕೈಗವಸನ್ನೂ ಹಾಕಬಾರದು. ವರ್ನಿಯರ್ ಓದುವುದು ಮರೆತಿದ್ದರೆ ಹೊರಡುವ ಮುಂಚಿನ ವಾರ ಕಾಲೇಜಿನ ಲ್ಯಾಬಿಗೆ ಹೋಗಿ ಒಂದು ಗಂಟೆ ಅಭ್ಯಾಸ ಮಾಡಿ. ಹೊಸಬರ ಕೈಗೆ ಮೊದಲು ಕೊಡುವುದು ಸಾಮಾನ್ಯವಾಗಿ ಅದನ್ನೇ.